ಆಯಿಲ್ ಫಿಲ್ಟರ್ ಕದಲುತ್ತಿಲ್ಲ, ಪಟ್ಟಿ ಪಾನಾ ಜಾರುತ್ತಿದೆ: ಡಬ್ಬಿ ಹರಿಯದಂತೆ ಬಿಚ್ಚುವುದು ಹೇಗೆ?

ಕೇಶ್ವಾಪುರ_ಪೆಟ್ರೋಲ್:

ಗಾಡಿ ಮಾರುತಿ ವ್ಯಾಗನ್ ಆರ್, 1 ಲೀಟರ್ ಪೆಟ್ರೋಲ್, ಕೆ10ಬಿ ಎಂಜಿನ್. ಮನೆಯಲ್ಲೇ ಆಯಿಲ್ ಬದಲಿಸುತ್ತಿದ್ದೇನೆ. ಹಳೆ ಆಯಿಲ್ ಪೂರ್ತಿ ಇಳಿದಿದೆ, ಡ್ರೇನ್ ಪ್ಲಗ್ ಇನ್ನೂ ಹೊರಗೇ ಇದೆ. ಫಿಲ್ಟರ್ ಮಾತ್ರ ಕೂದಲೆಳೆಯಷ್ಟೂ ಕದಲುತ್ತಿಲ್ಲ. ಕಳೆದ ಸರ್ವಿಸ್‌ನಲ್ಲಿ ಹೊರಗೆ ಹಾಕಿಸಿದ್ದು, ಪಾನಾ ಹಚ್ಚಿ ಬಿಗಿದಂತೆ ಕಾಣುತ್ತದೆ.

ಕೈಯಿಂದ ಆಗಲಿಲ್ಲ. ರಬ್ಬರ್ ಪಟ್ಟಿಯ ಪಾನಾ ಡಬ್ಬಿಯ ಮೇಲೆ ಜಾರುತ್ತದೆ. ನನ್ನ ಹತ್ತಿರ ಇರುವ ಕಪ್ ಪಾನಾ (ಡಬ್ಬಿಯ ತುದಿಗೆ ಟೋಪಿಯಂತೆ ಕೂರುವಂಥದ್ದು) ಹೊಸ ಫಿಲ್ಟರಿಗೆ ಸರಿಯಾಗಿ ಕೂರುತ್ತದೆ, ಆದರೆ ಹಳೆಯದು ಬೇರೆ ಕಂಪನಿಯದು, ಅದರ ಮೇಲೆ ಗಡಗಡ ಆಡುತ್ತದೆ. ಡಬ್ಬಿ ನಡುಭಾಗದಲ್ಲಿ ಸ್ವಲ್ಪ ನೆಗ್ಗಿದೆ, ತೂತಾಗಿಲ್ಲ.

ಡಬ್ಬಿಗೆ ಸ್ಕ್ರೂಡ್ರೈವರ್ ಹೊಡೆದು ತಿರುಗಿಸಬಹುದೇ? ಡಬ್ಲ್ಯುಡಿ-40 ಹೊಡೆದರೆ ಪ್ರಯೋಜನ ಇದೆಯೇ? ಏನೂ ಆಗದಿದ್ದರೆ ಹಳೆ ಫಿಲ್ಟರ್ ಹಾಗೇ ಬಿಟ್ಟು, ಹೊಸ ಆಯಿಲ್ ಹಾಕಿಕೊಂಡು ಗೋಕುಲ ರೋಡಿನವರೆಗೆ ಗಾಡಿ ಓಡಿಸಬಹುದೇ? ಒಂದು ವೇಳೆ ಡಬ್ಬಿ ಹರಿದು ಬಂದರೆ ಮುಂದೇನು?


ನವನಗರ_ಪಾನಾ:

ಸ್ಕ್ರೂಡ್ರೈವರ್ ಸದ್ಯ ಕೆಳಗ ಇಡ್ರಿ. ಅದರ ಪಾಳಿ ಇನ್ನೂ ಬಂದಿಲ್ಲ.

ಮೂರನೇ ಪ್ರಶ್ನೆಗೆ ಮೊದಲ ಉತ್ತರ ಹೇಳ್ತೀನಿ, ಅದು ತಿಳದ್ರ ಉಳಿದ ಕೆಲಸ ಸಾವಕಾಶ ಮಾಡಬಹುದು. ಹಳೇ ಫಿಲ್ಟರ್ ಹಂಗ ಇಟ್ಟು, ಡ್ರೇನ್ ಪ್ಲಗ್ ಹಾಕಿ, ಹೊಸಾ ಆಯಿಲ್ ತುಂಬಿ ಗಾಡಿ ಓಡಿಸಾಕ ಏನೂ ಅಡ್ಡಿಯಿಲ್ಲ. ಫಿಲ್ಟರ್ ಒಳಗ ಉಳಿಯೋ ಹಳೇ ಆಯಿಲ್ ಸುಮಾರು 200 ಮಿಲಿ. ಅದು ಹೊಸಾದರಾಗ ಕೂಡ್ತೈತಿ, ಅಷ್ಟ. ಹಿಂಗಾಗಿ ಹಾಕೋ ಆಯಿಲ್ ಸಹ ಅಷ್ಟು ಕಡಿಮಿ ಹಾಕ್ರಿ, ಡಿಪ್‌ಸ್ಟಿಕ್ ನೋಡಿಕೋತ. ಒಳಗಿನ ಕಾಗದ ಕಸದಿಂದ ಕಟ್ಟಿದ್ರೂ ಬೈಪಾಸ್ ವಾಲ್ವ್ ತಾನ ತೆರಕೊಂಡು ಎಂಜಿನ್ನಿಗೆ ಆಯಿಲ್ ಹೋಗ್ತೈತಿ. ಆದ್ರ ಸೋಸದ ಹೋಗ್ತೈತಿ, ಅದಕ್ಕ ನಾಕೈದು ದಿನಕ್ಕ ಸರಿ, ಮುಂದಿನ ಸರ್ವಿಸ್ ತನಕ ಹಂಗ ಬಿಡೂದು ಬ್ಯಾಡ. ಒಂದ ಶರತ್ತು: ಡಬ್ಬಿಗೆ ತೂತು ಬಿದ್ದಿರಬಾರ್ದು. ನೆಗ್ಗಿದ್ರ ನಡೀತೈತಿ. ಎಂಜಿನ್ ಚಾಲೂ ಮಾಡಿ ಒಂದೆರಡು ನಿಮಿಷ ಕೆಳಗ ಬಗ್ಗಿ ನೋಡ್ರಿ, ಸೋರದಿದ್ರ ಹೊಂಡ್ರಿ. ಸ್ಕ್ರೂಡ್ರೈವರ್ ಹೊಡದ ಮ್ಯಾಲ ಈ ದಾರಿ ಪೂರ್ತಿ ಬಂದ್. ಅದಕ್ಕ ಬ್ಯಾಡ ಅಂದದ್ದು.

ಡಬ್ಲ್ಯುಡಿ-40 ಯಾಕ ಉಪಯೋಗಿಲ್ಲ ಅಂದ್ರ, ಇಲ್ಲಿ ಜಂಗು ಹಿಡದಿಲ್ಲ. ಫಿಲ್ಟರಿನ ಥ್ರೆಡ್ ಡಬ್ಬಿಯ ಒಳಗ ಐತಿ, ಯಾವಾಗಲೂ ಆಯಿಲ್ನ್ಯಾಗ ಮುಳುಗಿರ್ತೈತಿ. ಹಿಡಿದಿರೋದು ರಬ್ಬರ್ ಗ್ಯಾಸ್ಕೆಟ್. ಒಣಾ ಗ್ಯಾಸ್ಕೆಟ್ ಹಂಗ ಹಾಕಿ ಬಿಗಿದ್ರ ಅದು ಅಲ್ಯೂಮಿನಿಯಂ ಮುಖಕ್ಕ ಅಂಟಿಕೊಂಡು, ಕಾದು ಆರಿ ಕಾದು ಆರಿ, ಹಳೇ ಕುಕ್ಕರ್ ಗ್ಯಾಸ್ಕೆಟ್ ಹಂಗ ಬಿರುಸಾಗಿ ಕುಂದರ್ತೈತಿ. ಹೊರಗಿಂದ ಎಣ್ಣಿ ಹೊಡದ್ರ ಅದು ಗ್ಯಾಸ್ಕೆಟ್ ದಾಟಿ ಒಳಗ ಹೋಗಂಗಿಲ್ಲ, ಡಬ್ಬಿ ಮ್ಯಾಲ ಹರದು ಪಾನಾ ಇನ್ನಷ್ಟು ಜಾರ್ತೈತಿ.

ಈಗ ಮಾಡಬೇಕಾದ್ದು. ಗ್ಯಾಸ್ಕೆಟ್ ಬೆಚ್ಚಗಿದ್ದಾಗ ಮೆತ್ತಗಿರ್ತೈತಿ, ತಣ್ಣಗಿನ ಎಂಜಿನ್‌ಕ್ಕಿಂತ ಬೆಚ್ಚಗಿನ ಎಂಜಿನ್ ಮ್ಯಾಲ ಬಿಚ್ಚೂದು ಹಗುರ. ಆದ್ರ ನಿಮ್ಮ ಎಂಜಿನ್ನಿನೊಳಗ ಈಗ ಆಯಿಲ್ ಇಲ್ಲ, ಬಿಸಿ ಮಾಡಾಕಂತ ಚಾಲೂ ಮಾಡಿಗೀಡಿ ಬಿಟ್ಟೀರಿ! ಬೆಂಕಿ, ಬ್ಲೋ ಟಾರ್ಚ್ ಅಂತೂ ಹತ್ರ ತರಬ್ಯಾಡ್ರಿ, ಸುತ್ತೆಲ್ಲ ಆಯಿಲ್ ಸಿಡಿದಿರ್ತೈತಿ.

ಡಬ್ಬಿ ಪೂರ್ತಿ ಒಣಗಿರಬೇಕು. ಬ್ರೇಕ್ ಕ್ಲೀನರ್ ಇದ್ರ ಹೊಡೀರಿ, ಇಲ್ಲಂದ್ರ ಪಾತ್ರಿ ತಿಕ್ಕೋ ಸೋಪಿನ ನೀರಾಗ ಅರಿವಿ ಅದ್ದಿ ಎರಡು ಸಲ ಒರಸಿ, ಒಣಾ ಅರಿವಿಲೆ ಮತ್ತೊಮ್ಮೆ ಒರಸ್ರಿ. ಪಾನಾದ ಪಟ್ಟಿನೂ ಹಂಗ ತೊಳೀರಿ, ಅದಕ್ಕ ಆಯಿಲ್ ಹತ್ತಿದ್ರ ಡಬ್ಬಿ ಒರಸಿ ಉಪಯೋಗಿಲ್ಲ. ಆಮ್ಯಾಲ 80 ಅಥವಾ 100 ನಂಬರಿನ ಎಮರಿ ಪೇಪರ್ ಪಟ್ಟಿ ಕತ್ತರಿಸಿ, ಒರಟು ಮುಖ ಡಬ್ಬಿ ಕಡೆ ಮಾಡಿ ಸುತ್ತರಿ, ಅದರ ಮ್ಯಾಲ ಪಟ್ಟಿ ಪಾನಾ. ಅರಿವಿ ಬೆನ್ನಿನ ಎಮರಿ ಇದ್ರ ಚಲೋ, ಕಾಗದದ್ದು ಹರೀತೈತಿ.

ಇನ್ನೊಂದು ಮುಖ್ಯದ್ದು. ಪಟ್ಟಿ ಡಬ್ಬಿಯ ನಡುವ ಅಲ್ಲ, ಎಂಜಿನ್ ಬ್ಲಾಕಿಗೆ ಎಷ್ಟು ಹತ್ರ ಆಗ್ತೈತೋ ಅಷ್ಟು ಹತ್ರ ಇರಬೇಕು. ಆ ತುದಿಯೊಳಗ ದಪ್ಪ ಉಕ್ಕಿನ ತಟ್ಟಿ ಐತಿ, ಡಬ್ಬಿ ಅಲ್ಲಿ ನೆಗ್ಗಂಗಿಲ್ಲ. ನಡುವ ಬರೇ ತೆಳು ತಗಡು. ನಿಮ್ಮದು ನೆಗ್ಗಿದ್ದು ನೋಡಿದ್ರ ಪಟ್ಟಿ ನಡುವ ಹಾಕಿದ್ದು ಗೊತ್ತಾಗ್ತೈತಿ.

ಹಾಕಿದ ಮ್ಯಾಲ ಸಾವಕಾಶ ಜಗ್ಗಿಕೋತ ಹೋಗಬ್ಯಾಡ್ರಿ. ಪಟ್ಟಿ ಬಿಗಿಯಾಗಿ ಕುಂತದ್ದು ನೋಡಿ, ಒಮ್ಮೆ ಗಕ್ಕನ ಎಳೀರಿ. ಅಂಟಿದ ರಬ್ಬರ್ ಝಟಕಾಕ್ಕ ಬಿಡ್ತೈತಿ.


ತಾರಿಹಾಳ_ವರ್ಕ್‌ಶಾಪ್:

ಮೇಲಿನದ್ದೆಲ್ಲ ಸರಿ. ದಿಕ್ಕಿನ ಬಗ್ಗೆ ಒಂದು ಮಾತು ಸೇರಿಸುತ್ತೇನೆ, ಏಕೆಂದರೆ "ಕದಲುತ್ತಿಲ್ಲ" ಎಂದು ಬರುವ ಫಿಲ್ಟರ್‌ಗಳಲ್ಲಿ ಕೆಲವು ತಪ್ಪು ದಿಕ್ಕಿಗೆ ತಿರುಗಿಸಿ ಇನ್ನಷ್ಟು ಬಿಗಿ ಮಾಡಿದವೇ ಆಗಿರುತ್ತವೆ. ಡಬ್ಬಿಯ ಮುಚ್ಚಿದ ತುದಿ ನಿಮ್ಮ ಮುಖದ ಕಡೆ ಇದ್ದಾಗ ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ತಿರುಗಿಸಿದರೆ ಬಿಚ್ಚುತ್ತದೆ. ಮೇಲಿನಿಂದ ಕೈ ಇಳಿಬಿಟ್ಟು ಬ್ಲಾಕಿನ ಕಡೆಯಿಂದ ನೋಡುತ್ತಿದ್ದರೆ ಅದೇ ತಿರುವು ಉಲ್ಟಾ ಕಾಣುತ್ತದೆ. ಹೊಸ ಫಿಲ್ಟರನ್ನು ಹಳೆಯದರ ಪಕ್ಕದಲ್ಲಿ ಅದೇ ದಿಕ್ಕಿಗೆ ಹಿಡಿದು, ಬಿಚ್ಚುವ ಕಡೆಗೆ ಅದರ ಮೇಲೆ ಮಾರ್ಕರ್‌ನಿಂದ ಬಾಣ ಬರೆದುಕೊಳ್ಳಿ. ಪಾನಾ ಹಾಕುವ ಮೊದಲು ಆ ಬಾಣ ನೋಡಿ.

ಎಷ್ಟು ಬಲ ಬೇಕು ಎಂಬ ಅಂದಾಜು ಇರಲಿ. ಸುಜುಕಿಯ ಈ ಫಿಲ್ಟರ್‌ಗಳನ್ನು ಬಿಗಿಯಬೇಕಾದ್ದು ಸುಮಾರು 14 ನ್ಯೂಟನ್ ಮೀಟರ್, ಅಂದರೆ ಗ್ಯಾಸ್ಕೆಟ್ ಮುಖಕ್ಕೆ ತಾಗಿದ ಮೇಲೆ ಮುಕ್ಕಾಲು ಸುತ್ತು. ಥ್ರೆಡ್ ಎಂ20 (ವ್ಯಾಸ 20 ಮಿ.ಮೀ.), ಪಿಚ್, ಅಂದರೆ ಒಂದು ಸುತ್ತಿಗೆ ಮುಂದೆ ಹೋಗುವ ದೂರ, 1.5 ಮಿ.ಮೀ. ಮುಕ್ಕಾಲು ಸುತ್ತಿಗೆ ಗ್ಯಾಸ್ಕೆಟ್ ಸುಮಾರು 1.1 ಮಿ.ಮೀ. ಒತ್ತಿಕೊಳ್ಳುತ್ತದೆ. ಪಾನಾ ಹಾಕಿ ಇನ್ನೂ ಅರ್ಧ ಸುತ್ತು ಎಳೆದವರು ಮುಕ್ಕಾಲು ಮಿ.ಮೀ. ಹೆಚ್ಚು ಒತ್ತಿರುತ್ತಾರೆ. ಅಷ್ಟು ಹೊತ್ತಿಗೆ ರಬ್ಬರಿಗೆ ಹೋಗಲು ಜಾಗವೇ ಉಳಿದಿರುವುದಿಲ್ಲ. ಬಿಚ್ಚುವಾಗ ಈ ಲೆಕ್ಕ ನಿಮ್ಮ ಪರವಾಗಿ ಕೆಲಸ ಮಾಡುತ್ತದೆ: ಮೊದಲ ಕಾಲು ಸುತ್ತು ತಿರುಗಿತೆಂದರೆ ಉಳಿದದ್ದು ಕೈಯಲ್ಲೇ ಬರುತ್ತದೆ. ಆದ್ದರಿಂದ ನಿಮಗೆ ಬೇಕಾದ್ದು ಆ ಮೊದಲ ಕಾಲು ಸುತ್ತಿಗೆ ಮಾತ್ರ ಜಾರದ ಹಿಡಿತ. 20 ಸೆಂ.ಮೀ. ಹಿಡಿಕೆಯ ಪಾನಾವನ್ನು 20 ಕೆಜಿ ಬಲದಿಂದ ಎಳೆದರೂ ಸುಮಾರು 40 ನ್ಯೂಟನ್ ಮೀಟರ್ ಸಿಗುತ್ತದೆ. ಬಲ ಕಡಿಮೆ ಬಿದ್ದಿಲ್ಲ, ಹಿಡಿತ ಬಿಡುತ್ತಿದೆ.

ಕಪ್ ಪಾನಾ ಬಗ್ಗೆ: ಡಬ್ಬಿ ಒಂದೇ ದಪ್ಪ ಇದ್ದರೂ ಮುಚ್ಚಿದ ತುದಿಯ ಸುತ್ತ ಇರುವ ಚಪ್ಪಟೆ ಪಟ್ಟಿಗಳ ಸಂಖ್ಯೆ ಕಂಪನಿಯಿಂದ ಕಂಪನಿಗೆ ಬೇರೆ. ಜಪಾನ್ ಮೂಲದ ಸಣ್ಣ ಕಾರುಗಳ ಫಿಲ್ಟರಿಗೆ 65/67 ಮಿ.ಮೀ., 14 ಪಟ್ಟಿಯ ಕಪ್ ಸಾಮಾನ್ಯ. ನಿಮ್ಮ ಹಳೆ ಡಬ್ಬಿಯ ಪಟ್ಟಿಗಳನ್ನು ಎಣಿಸಿ, ಎದುರುಬದುರು ಎರಡು ಪಟ್ಟಿಗಳ ನಡುವಿನ ಅಳತೆಯನ್ನು ವರ್ನಿಯರ್‌ನಿಂದ ತೆಗೆದುಕೊಂಡು ಹೋಗಿ ಕೇಳಿ. ಸಡಿಲ ಕೂರುವ ಕಪ್ ಹಾಕಿ ಎಳೆದರೆ ಪಟ್ಟಿಗಳು ಸವೆದು ಗುಂಡಗಾಗುತ್ತವೆ, ಆಮೇಲೆ ಸರಿಯಾದ ಕಪ್ ತಂದರೂ ಹಿಡಿಯುವುದಿಲ್ಲ.

ನನ್ನ ಅಭಿಪ್ರಾಯದಲ್ಲಿ ನಿಮ್ಮ ಸ್ಥಿತಿಗೆ ಸರಿಯಾದದ್ದು ಮೂರು ಕಾಲಿನ ಪಾನಾ. ನಡುವಿನ ಚೌಕಕ್ಕೆ ರ‍್ಯಾಚೆಟ್ ಹಾಕಿ ತಿರುಗಿಸಿದಷ್ಟೂ ಅದರ ಮೂರು ಕಾಲು ಡಬ್ಬಿಯನ್ನು ಒಳಗೆ ಒತ್ತಿ ಹಿಡಿಯುತ್ತವೆ. ಡಬ್ಬಿ ನೆಗ್ಗುತ್ತದೆ, ನೆಗ್ಗಲಿ, ಹೇಗೂ ಎಸೆಯುವುದೇ. ಸುತ್ತ ಒಂದೂವರೆ ಸೆಂ.ಮೀ. ಖಾಲಿ ಜಾಗ ಇದೆಯೇ ಎಂದು ಮೊದಲು ಬೆರಳಿಂದ ನೋಡಿಕೊಳ್ಳಿ. ಹತ್ತಿರದಲ್ಲಿ ಆಯಿಲ್ ಪ್ರೆಶರ್ ಸ್ವಿಚ್ಚಿನ ವೈರ್ ಹಾದು ಹೋಗಿದ್ದರೆ ಸಾಕೆಟ್ ಕಿತ್ತು ಪಕ್ಕಕ್ಕೆ ಸರಿಸಿ. ಪಾನಾ ಜಾರಿ ಆ ಸ್ವಿಚ್ಚಿಗೆ ಬಡಿದರೆ ಅದರ ಪ್ಲಾಸ್ಟಿಕ್ ತಲೆ ಒಡೆಯುತ್ತದೆ.


ರಾಣೇಬೆನ್ನೂರ_ಟ್ರ್ಯಾಕ್ಟರ್:

ಇಷ್ಟೆಲ್ಲಾ ಯಾಕ್ರೀ? ಟ್ರ್ಯಾಕ್ಟರ್ ಫಿಲ್ಟರಿಗೆ ದೊಡ್ಡ ಸ್ಕ್ರೂಡ್ರೈವರ್ ಆರಪಾರ ಹೊಡದು ತಿರುವಿದ್ರ ಬರ್ತೈತಿ. ಇಲ್ಲಾ ಚೈನ್ ಪಾನಾ. ಹೊಲದಾಗ ನಿಂತ ಗಾಡಿಗೆ ಮೂರು ಕಾಲಿನ ಪಾನಾ ಎಲ್ಲಿಂದ ತರೂದು?


ತಾರಿಹಾಳ_ವರ್ಕ್‌ಶಾಪ್:

ಟ್ರ್ಯಾಕ್ಟರಿಗೆ ನಿಮ್ಮ ಮಾತು ನಡೆಯುತ್ತದೆ. ಅಲ್ಲಿ ಡಬ್ಬಿ ದೊಡ್ಡದು, ಪಕ್ಕಕ್ಕೆ ಬಯಲು ಜಾಗ, ಸ್ಕ್ರೂಡ್ರೈವರನ್ನು ಪೂರ್ತಿ ಸುತ್ತು ತಿರುಗಿಸಬಹುದು. ಚೈನ್ ಪಾನಾಕ್ಕೂ ಸಾಕಷ್ಟು ಜಾಗ. ಈ ಕಾರಿನ ಡಬ್ಬಿ ಮುಷ್ಟಿಯಷ್ಟು. ಸ್ಕ್ರೂಡ್ರೈವರ್ ಹೊಡೆದರೆ ಹಿಡಿಕೆ ಸ್ವಲ್ಪ ತಿರುಗುವಷ್ಟರಲ್ಲೇ ಏನಾದರೊಂದಕ್ಕೆ ತಾಗುತ್ತದೆ. ಬಿಗಿದು ಕೂತ ಗ್ಯಾಸ್ಕೆಟ್ಟಿಗಿಂತ ಮೊದಲು ತಗಡು ಸೋಲುತ್ತದೆ, ತೂತು ಉದ್ದಕ್ಕೆ ಸೀಳುತ್ತಾ ಹೋಗುತ್ತದೆ, ಫಿಲ್ಟರ್ ಅಲ್ಲೇ ಇರುತ್ತದೆ.

ಬೇರೆ ಏನೂ ದಾರಿ ಇಲ್ಲದೆ ಹೊಡೆಯಲೇಬೇಕಾದರೆ ಎಲ್ಲಿ ಹೊಡೆಯಬೇಕು ಎಂಬುದು ಮುಖ್ಯ. ಬ್ಲಾಕಿನ ಕಡೆಯ ತುದಿಯಲ್ಲಿ ಡಬ್ಬಿ ಗಟ್ಟಿ, ಆದರೆ ಸರಿಯಾಗಿ ನಡುಮಧ್ಯ ಹೊಡೆದರೆ ಬ್ಲಾಕಿನಿಂದ ಡಬ್ಬಿಯ ಒಳಕ್ಕೆ ಚಾಚಿರುವ ಟೊಳ್ಳು ಸ್ಟಡ್ಡಿಗೆ ತಗುಲುತ್ತದೆ. ಅದರ ಥ್ರೆಡ್ ಕೆಟ್ಟರೆ ಹೊಸ ಫಿಲ್ಟರ್ ಕೂರುವುದಿಲ್ಲ. ಆದ್ದರಿಂದ ಆ ತುದಿಯಿಂದ ಎರಡೂವರೆ ಮೂರು ಸೆಂ.ಮೀ. ಹಿಂದೆ, ನಡುಗೆರೆಯಿಂದ ಪಕ್ಕಕ್ಕೆ ಸರಿದು, ಎರಡೂ ಗೋಡೆ ದಾಟುವಂತೆ ಹೊಡೆಯಬೇಕು. ಕೆಳಗೆ ಬೋಗುಣಿ ಇರಲಿ, ಒಳಗಿನ ಆಯಿಲ್ ಹೊರಗೆ ಬರುತ್ತದೆ. ಕೇಶ್ವಾಪುರದವರು ಇದನ್ನು ಮಾಡಬಾರದು, ಅವರ ಗಾಡಿ ಇನ್ನೂ ಓಡುವ ಸ್ಥಿತಿಯಲ್ಲಿದೆ.


ಬೆಟಗೇರಿ_ಹಳೇಗಾಡಿ:

ಫಿಲ್ಟರ್ ವಿಷಯಕ್ಕಿಂತ ಮೊದಲು ಕೇಳಬೇಕಾದ್ದು ಯಾರೂ ಕೇಳಿಲ್ಲ. ಗಾಡಿ ಯಾವುದರ ಮ್ಯಾಲ ನಿಂತೈತಿ? ಗಕ್ಕನ ಎಳೀರಿ ಅಂತ ಹೇಳೂ ಹೊತ್ತಿಗೆ ಇದು ಗೊತ್ತಿರಬೇಕು. ಗಾಡಿ ಜೊತಿ ಬಂದ ಜಾಕ್ ಬರೇ ಗಾಲಿ ಬದಲಿಸಾಕ, ಅದರ ಮ್ಯಾಲ ಎತ್ತಿ ಕೆಳಗ ಮಲಗಬಾರ್ದು. ಎರಡು ಜಾಕ್ ಸ್ಟ್ಯಾಂಡ್ ಬೇಕು, ಗಾಡಿ ಎತ್ತೂ ಜಾಗಾ ಓನರ್ ಮ್ಯಾನ್ಯುಯಲ್‌ನ್ಯಾಗ ತೋರಿಸಿರ್ತಾರ, ಅಲ್ಲೇ ಕೊಡಬೇಕು. ಹಿಂದಿನ ಗಾಲಿಗೆ ಎರಡೂ ಕಡೆ ಅಡ್ಡಗಲ್ಲು, ಹ್ಯಾಂಡ್‌ಬ್ರೇಕ್, ಗೇರ್. ಸಿಮೆಂಟ್ ಬ್ಲಾಕ್, ಇಟ್ಟಂಗಿ ಕೊಡಬ್ಯಾಡ್ರಿ, ಒಂದ ಜಾಗಾಕ್ಕ ಭಾರ ಬಿದ್ರ ಸುಳಿವು ಕೊಡದ ಸೀಳ್ತಾವು.

ನಮ್ಮ ಕಡೆ ಎರಿ ಮಣ್ಣಿನ ಅಂಗಳ ಇದ್ದವ್ರು ಇನ್ನೂ ಹುಷಾರ್ ಇರಬೇಕು. ಒಣಗಿದಾಗ ಕಲ್ಲಿನಂಗ ಕಾಣ್ತೈತಿ, ಆದ್ರ ಒಳಗ ಬಿರುಕು ಬಿಟ್ಟಿರ್ತೈತಿ. ಒಂದು ಮಳಿ ಆದ್ರ ಸ್ಟ್ಯಾಂಡಿನ ಕಾಲು ಸಾವಕಾಶ ಇಳೀತಾವು. ದಪ್ಪ ಪ್ಲೈವುಡ್ ಅಥವಾ ಉಕ್ಕಿನ ಪ್ಲೇಟ್ ಕೆಳಗ ಹಾಕ್ರಿ, ಇಲ್ಲಾ ಫರಸಿ ಹಾಕಿದ ಜಾಗಾಕ್ಕ ಗಾಡಿ ತರ್ರಿ. ಸ್ಟ್ಯಾಂಡ್ ಕೊಟ್ಟ ಮ್ಯಾಲ, ಕೆಳಗ ಹೋಗೂ ಮೊದಲ, ಹೊರಗ ನಿಂತು ಗಾಡಿ ಜೋರಾಗಿ ಅಲುಗಾಡಿಸಿ ನೋಡ್ರಿ.


ಕೇಶ್ವಾಪುರ_ಪೆಟ್ರೋಲ್:

ಎಲ್ಲರಿಗೂ ಧನ್ಯವಾದ. ಗಾಡಿ ಕಾಂಕ್ರೀಟ್ ನೆಲದ ಮೇಲೆ ಎರಡು ಸ್ಟ್ಯಾಂಡ್ ಕೊಟ್ಟು ನಿಂತಿದೆ. ಎಮರಿ ಸುತ್ತಿ, ಪಟ್ಟಿಯನ್ನು ಬ್ಲಾಕಿನ ಹತ್ತಿರ ಹಾಕಿ ಎಳೆದೆ. ಈ ಸಲ ಜಾರಲಿಲ್ಲ, ಆದರೆ ಪಾನಾದ ಪಟ್ಟಿಯೇ ಹರಿಯಿತು. ಮೂರು ಕಾಲಿನ ಪಾನಾ ತಂದು ಹಾಕಿದೆ. ಡಬ್ಬಿ ತಿರುಗಿತು ಅನ್ನುವಷ್ಟರಲ್ಲಿ ಬ್ಲಾಕಿನ ಕಡೆಯ ಮಡಿಕೆಯಲ್ಲಿ ಸುತ್ತ ಹರಿದು, ಒಳಗಿನ ಕಾಗದದ ಸಮೇತ ಕೈಗೆ ಬಂತು. ಬ್ಲಾಕಿನ ಮೇಲೆ ಈಗ ಒಂದು ದಪ್ಪ ತಟ್ಟೆ ಉಳಿದಿದೆ. ನಡುವೆ ಟೊಳ್ಳು ಸ್ಟಡ್ಡಿನ ತುದಿ ಕಾಣುತ್ತದೆ, ಅದರ ಸುತ್ತ ಸಣ್ಣ ತೂತುಗಳು. ಮುಂದೆ?


ತಾರಿಹಾಳ_ವರ್ಕ್‌ಶಾಪ್:

ಗಾಬರಿ ಬೇಡ. ಕಷ್ಟದ ಭಾಗ ಕಣ್ಣಿಗೆ ಕಾಣುವಂತಾಗಿದೆ, ಡಬ್ಬಿ ಇದ್ದಾಗಿಗಿಂತ ಈಗ ಜಾಗವೂ ಹೆಚ್ಚು. ಇನ್ನು ಎಂಜಿನ್ ಚಾಲೂ ಮಾಡುವ ಪ್ರಶ್ನೆಯೇ ಇಲ್ಲ. ಯಾರಾದರೂ ಗೊತ್ತಿಲ್ಲದೆ ಮಾಡಿಬಿಡಬಾರದು, ಕೀ ಮನೆಯೊಳಗೆ ಇಡಿ, ಬ್ಯಾಟರಿಯ ಮೈನಸ್ ವೈರ್ ಬಿಚ್ಚಿ.

ಸುತ್ತಿಗೆ ಎತ್ತುವ ಮೊದಲು ಒಂದು ಕೆಲಸ ತಪ್ಪಿಸಬೇಡಿ. ಆಯಿಲ್ ಪಂಪಿನಿಂದ ಬಂದ ಆಯಿಲ್ ಆ ಸಣ್ಣ ತೂತುಗಳ ಮೂಲಕ ಫಿಲ್ಟರಿನೊಳಗೆ ಬಂದು, ಕಾಗದ ದಾಟಿ, ನಡುವಿನ ಟೊಳ್ಳು ಸ್ಟಡ್ಡಿನ ಮೂಲಕ ಎಂಜಿನ್ನಿಗೆ ಹೋಗುತ್ತದೆ. ಅಂದರೆ ಸ್ಟಡ್ಡಿನ ತೂತು ಸೋಸಿದ ಆಯಿಲ್‌ನ ದಾರಿ, ಅಲ್ಲಿಂದ ಮುಂದೆ ಬೇರಿಂಗ್‌ಗಳೇ. ಹೊರಗಿನ ತೂತುಗಳ ಕಡೆ ಬಿದ್ದ ಲೋಹದ ಚೂರನ್ನು ಹೊಸ ಫಿಲ್ಟರ್ ಹಿಡಿಯುತ್ತದೆ. ಸ್ಟಡ್ಡಿನ ಒಳಗೆ ಹೋದ ಚೂರನ್ನು ಹಿಡಿಯುವವರು ಯಾರೂ ಇಲ್ಲ. ನೂಲು ಬಿಡದ ಬನಿಯನ್ ಬಟ್ಟೆಯ ತುಂಡನ್ನು ಹೊಸೆದು ಸ್ಟಡ್ಡಿನ ಬಾಯಿಗೆ ಬಿಗಿಯಾಗಿ ತುರುಕಿ, ಬಾಲ ಎರಡು ಬೆರಳಷ್ಟು ಹೊರಗಿರಲಿ. ಕೆಲಸ ಮುಗಿದ ಮೇಲೆ ತೆಗೆಯಲು ಮರೆಯದಂತೆ ಆ ಬಾಲ ಎದ್ದು ಕಾಣುವ ಬಣ್ಣದ್ದಾಗಿರಲಿ.

ಈಗ ಗ್ಯಾಸ್ಕೆಟ್. ತಟ್ಟೆಯ ಅಂಚಿನ ಕೆಳಗೆ ಬ್ಲಾಕಿಗೂ ತಗಡಿಗೂ ನಡುವೆ ಕಪ್ಪು ರಬ್ಬರ್ ಕಾಣುತ್ತದೆ. ಎಲ್ಲಿಯಾದರೂ ಒಂದು ಕಡೆ ಕೊಕ್ಕೆ ತೂರಿಸಿ ಅದನ್ನು ಹೊರಗೆ ಎಳೆಯಲು ನೋಡಿ. ತುಂಡು ತುಂಡಾಗಿ ಬಂದರೂ ಸರಿ. ತಟ್ಟೆಯನ್ನು ಬಿಗಿಯಾಗಿ ಹಿಡಿದಿರುವುದು ಆ ಒತ್ತಿದ ರಬ್ಬರ್ ಮಾತ್ರ. ಅದು ಹೊರಬಂದರೆ ಥ್ರೆಡ್ಡಿನ ಮೇಲಿನ ಎಳೆತ ಇಳಿದು ತಟ್ಟೆ ಎಷ್ಟೋ ಸಲ ಕೈಯಲ್ಲೇ ತಿರುಗುತ್ತದೆ. ಕೊಕ್ಕೆಯ ಮೊನೆ ಬ್ಲಾಕಿನ ಮುಖಕ್ಕೆ ತಾಗದಂತೆ ತಟ್ಟೆಯ ಕಡೆಗೆ ವಾಲಿಸಿ ಹಿಡಿಯಿರಿ. ಆ ಮುಖ ಅಲ್ಯೂಮಿನಿಯಂ, ಅಡ್ಡ ಗೀರು ಬಿದ್ದರೆ ಹೊಸ ಗ್ಯಾಸ್ಕೆಟ್ ಅಲ್ಲೇ ಸೋರುತ್ತದೆ.

ರಬ್ಬರ್ ಬರದಿದ್ದರೆ ಚಾಣ. ಚೂಪಾದದ್ದು ಬೇಡ, ಮೊಂಡ ತುದಿಯ ಸಣ್ಣ ಚಾಣ ಅಥವಾ ಡ್ರಿಫ್ಟ್ (ಮೊಂಡ ಲೋಹದ ಕಡ್ಡಿ). ಸಣ್ಣ ತೂತೊಂದರ ಅಂಚಿಗೆ ಅದನ್ನು ಓರೆಯಾಗಿ ಇಟ್ಟು, ಬಿಚ್ಚುವ ದಿಕ್ಕಿಗೆ ಅರ್ಧ ಕೆಜಿ ಸುತ್ತಿಗೆಯಿಂದ ಸಣ್ಣ ಸಣ್ಣ ಏಟು. ಎರಡು ಮೂರು ಏಟಾದ ಮೇಲೆ ಎದುರು ತೂತಿಗೆ ಬದಲಿಸಿ. ಒಂದೇ ಕಡೆ ಹೊಡೆಯುತ್ತಿದ್ದರೆ ತಟ್ಟೆ ಓರೆಯಾಗಿ ಥ್ರೆಡ್ಡನ್ನು ಕಚ್ಚಿ ಹಿಡಿಯುತ್ತದೆ. ಹೊರಗಿನ ಮಡಿಕೆಯ ಅಂಚು ಇನ್ನೂ ಉಳಿದಿದ್ದರೆ ಅದಕ್ಕೆ ಹೊಡೆಯುವುದು ಇನ್ನೂ ಉತ್ತಮ, ನಡುವಿನಿಂದ ದೂರ ಇದ್ದಷ್ಟೂ ಏಟಿಗೆ ಬಲ ಹೆಚ್ಚು. ಚಾಣ ಯಾವಾಗಲೂ ಬ್ಲಾಕಿಗೆ ಸಮಾನಾಂತರವಾಗಿರಲಿ, ಬ್ಲಾಕಿನ ಕಡೆಗೆ ಮುಖ ಮಾಡಬಾರದು. ಕಣ್ಣಿಗೆ ಕನ್ನಡಕ ಹಾಕಿಕೊಳ್ಳಿ, ಕೆಳಗೆ ಮಲಗಿ ಮೇಲಕ್ಕೆ ನೋಡಿ ಹೊಡೆಯುವಾಗ ಚೂರು ನೇರ ಮುಖಕ್ಕೆ ಬೀಳುತ್ತದೆ. ಹರಿದ ತಗಡಿನ ಅಂಚು ಬ್ಲೇಡಿನಂತೆ ಇರುತ್ತದೆ, ಚರ್ಮದ ಕೈಗವಸು ಬೇಕು.


ನವನಗರ_ಪಾನಾ:

ತಟ್ಟಿ ಬಂದ ಕೂಡಲೇ ಸ್ಟಡ್ ಎಲ್ಲೈತಿ ಅಂತ ನೋಡ್ರಿ. ಹಿಂಗ ಬಿಗಿದ ಫಿಲ್ಟರಿನ ಜೊತಿ ಕೆಲವೊಮ್ಮೆ ಸ್ಟಡ್ ಬ್ಲಾಕಿನಿಂದ ಬಿಚ್ಚಿ ಬರ್ತೈತಿ. ಬ್ಲಾಕಿನ್ಯಾಗ ಬರೇ ತೂತು ಕಂಡ್ರ ಅದು ತಟ್ಟಿಯೊಳಗ ಐತಿ ಅಂತ ತಿಳೀರಿ, ತಟ್ಟಿ ಎಸೀಬ್ಯಾಡ್ರಿ. ತಟ್ಟಿ ಬೆಂಚ್ ವೈಸ್‌ನ್ಯಾಗ ಹಿಡದು, ಸ್ಟಡ್ಡಿಗೆ ಎರಡು ನಟ್ ಒಂದಕ್ಕೊಂದು ಬಿಗಿದು, ಒಳಗಿನ ನಟ್ಟಿಗೆ ಪಾನಾ ಹಚ್ಚಿ ಬಿಚ್ಚಬೇಕು. ಇಲ್ಲೊಂದು ತೊಡಕೈತಿ. ಹಾರ್ಡ್‌ವೇರ್ ಅಂಗಡಿಯಾಗ ಸಿಗೋ ಎಂ20 ನಟ್ ಸಾಮಾನ್ಯವಾಗಿ 2.5 ಪಿಚ್‌ದು, ಇದಕ್ಕ ಹತ್ತಂಗಿಲ್ಲ. 1.5 ಪಿಚ್‌ನ ನಟ್ ಬೇಕಂತ ಬಾಯಿಬಿಟ್ಟು ಹೇಳಿ ತಗೋರಿ. ಸಿಗದಿದ್ರ ಗೋಕುಲ ರೋಡ್ ಇಂಡಸ್ಟ್ರಿಯಲ್ ಎಸ್ಟೇಟಿನ ಯಾವುದಾದ್ರೂ ಲೇತ್‌ಗೆ ತಟ್ಟಿ ಸಮೇತ ಒಯ್ದು ಕೊಡ್ರಿ. ಸ್ಟಡ್ಡಿನ ಥ್ರೆಡ್ಡಿಗೆ ಪಕ್ಕಡ ಹಚ್ಚಿದ್ರ ಕೆಲಸ ಕೆಟ್ಟಂಗ.

ತಿರುಗಿ ಬ್ಲಾಕಿಗೆ ಹಾಕುವಾಗ ಎರಡೂ ಕಡೆ ಥ್ರೆಡ್ ಬ್ರೇಕ್ ಕ್ಲೀನರಿನಿಂದ ಒಣಗಿಸಿ, ಬ್ಲಾಕಿನ ಕಡೆಯ ಥ್ರೆಡ್ಡಿಗಷ್ಟ ನೀಲಿ ಥ್ರೆಡ್ ಲಾಕರ್ (ಥ್ರೆಡ್ ಸಡಿಲಾಗದಂಗ ಹಿಡಿಯೋ ಅಂಟು) ಎರಡು ಹನಿ. ಬಾಟ್ಲಿ ಮ್ಯಾಲ ಬರೆದಷ್ಟು ಹೊತ್ತು ಆರಾಕ ಬಿಟ್ಟು ಆಮ್ಯಾಲ ಫಿಲ್ಟರ್ ಹಾಕ್ರಿ. ಥ್ರೆಡ್ ಒಂಚೂರು ಕೆಟ್ಟಿದ್ರೂ ಹೊಸಾ ಸ್ಟಡ್ ಹಾಕ್ರಿ. ಫಿಲ್ಟರ್ ಪೂರ್ತಿ ನಿಂತಿರೋದು ಅದರ ಮ್ಯಾಲ.


ಕೇಶ್ವಾಪುರ_ಪೆಟ್ರೋಲ್:

ತಟ್ಟೆ ಬಂತು. ರಬ್ಬರನ್ನು ಅರ್ಧದಷ್ಟು ಎಳೆದು ತೆಗೆದ ಮೇಲೆ ನಾಲ್ಕೈದು ಏಟಿಗೆ ತಿರುಗಿತು. ಸ್ಟಡ್ ಬ್ಲಾಕಿನಲ್ಲೇ ಗಟ್ಟಿಯಾಗಿದೆ, ಥ್ರೆಡ್ ಚೆನ್ನಾಗಿದೆ. ಉಳಿದ ಅರ್ಧ ಗ್ಯಾಸ್ಕೆಟ್ ಬ್ಲಾಕಿಗೆ ಅಂಟಿಕೊಂಡಿದೆ. ಹೊಸ ಫಿಲ್ಟರ್ ಹಾಕುವಾಗ ಗಮನಿಸಬೇಕಾದ್ದು ಹೇಳಿ. ಗ್ಯಾಸ್ಕೆಟ್ಟಿಗೆ ಗ್ರೀಸ್ ಹಚ್ಚಿದರೆ ಮುಂದಿನ ಸಲ ಸುಲಭವಾಗುತ್ತದೆಯೇ?


ತಾರಿಹಾಳ_ವರ್ಕ್‌ಶಾಪ್:

ಅಂಟಿದ ಆ ಅರ್ಧ ಗ್ಯಾಸ್ಕೆಟ್ ಕಂಡದ್ದು ಒಳ್ಳೆಯದಾಯಿತು. ಅದರ ಮೇಲೆಯೇ ಹೊಸ ಫಿಲ್ಟರ್ ಕೂರಿಸಿದರೆ ಮೊದಲಿಗೆ ಸೋರದೆಯೂ ಇರಬಹುದು. ಆದರೆ ಗ್ಯಾಸ್ಕೆಟ್ಟಿನ ವ್ಯಾಸ 60 ಮಿ.ಮೀ., ಒತ್ತಡ 4 ಬಾರ್ ಎಂದು ಹಿಡಿದರೆ ಫಿಲ್ಟರನ್ನು ಹೊರಗೆ ತಳ್ಳುವ ಬಲ ಸುಮಾರು 115 ಕೆಜಿಯಷ್ಟು. ರಬ್ಬರಿನ ಮೇಲೆ ರಬ್ಬರ್ ಇದ್ದರೆ ಅದು ಪಕ್ಕಕ್ಕೆ ಜಾರಿ ಹೊರಬರುತ್ತದೆ, ಎಂಜಿನ್ನಿನ ಆಯಿಲ್ ಪೂರ್ತಿ ರಸ್ತೆಗೆ ಹೋಗಲು ಹೆಚ್ಚು ಹೊತ್ತು ಬೇಕಿಲ್ಲ. ಪ್ಲಾಸ್ಟಿಕ್ ಪಟ್ಟಿಯಿಂದ ಕೆರೆದು ತೆಗೆಯಿರಿ. ಹಳೆ ಏಟಿಎಂ ಕಾರ್ಡಿನ ಅಂಚು ಸಾಕು, ಉಕ್ಕಿನ ಬ್ಲೇಡ್ ಬೇಡ. ಬೆರಳನ್ನು ಸುತ್ತಲೂ ಆಡಿಸಿದಾಗ ಎಲ್ಲೂ ಉಬ್ಬು ತಗುಲಬಾರದು. ಸಾಮಾನ್ಯವಾಗಿ ಫಿಲ್ಟರ್ ಸುಲಭವಾಗಿ ಬಂದಾಗಲೂ ಹಳೆ ಡಬ್ಬಿಯನ್ನು ತಿರುವಿ ಗ್ಯಾಸ್ಕೆಟ್ ಅದರಲ್ಲೇ ಇದೆಯೇ ಎಂದು ನೋಡಬೇಕು.

ಸ್ಟಡ್ಡಿನ ಬಟ್ಟೆ ತೆಗೆದಿರಾ?

ಗ್ರೀಸ್ ಬೇಡ. ಹೊಸ ಎಂಜಿನ್ ಆಯಿಲನ್ನೇ ಬೆರಳಿಂದ ಗ್ಯಾಸ್ಕೆಟ್ಟಿನ ಪೂರ್ತಿ ಸುತ್ತಿಗೆ ತೆಳುವಾಗಿ ಸವರಿ. ಆಯಿಲ್ ಇದ್ದರೆ ಬಿಗಿಯುವಾಗ ರಬ್ಬರ್ ಮುಖದ ಮೇಲೆ ಜಾರುತ್ತಾ ಸಮನಾಗಿ ಒತ್ತಿಕೊಳ್ಳುತ್ತದೆ. ಒಣಗಿದ್ದರೆ ಒಂದೆಡೆ ಹಿಡಿದು ಇನ್ನೊಂದೆಡೆ ಸುಕ್ಕಾಗುತ್ತದೆ. ಮುಂದಿನ ಸಲ ಸುಲಭವಾಗಿ ಬಿಚ್ಚಲು ಬೇಕಾದ್ದೂ ಇದೇ. ಫಿಲ್ಟರ್ ನೇರವಾಗಿ ಅಥವಾ ಸ್ವಲ್ಪ ಓರೆಯಾಗಿ ಕೂರುವಂತಿದ್ದರೆ ಚೆಲ್ಲದಷ್ಟು ಆಯಿಲ್ ಒಳಗೆ ಮೊದಲೇ ಹಾಕಿಕೊಳ್ಳಬಹುದು. ಹೊರಗಿನ ಸಣ್ಣ ತೂತುಗಳ ಮೂಲಕ ಹಾಕಿ. ನಡುವಿನ ತೂತಿನಿಂದ ಹಾಕಿದರೆ ಸೋಸದ ಆಯಿಲ್ ನೇರ ಬೇರಿಂಗಿಗೆ ಹೋಗುತ್ತದೆ.

ಕೈಯಿಂದ ತಿರುಗಿಸುತ್ತಾ ಹೋಗಿ. ಮೊದಲ ಎರಡು ಸುತ್ತು ಬೆರಳ ತುದಿಯಲ್ಲೇ ಬರಬೇಕು, ಬಿಗಿ ಎನಿಸಿದರೆ ಥ್ರೆಡ್ ಓರೆ ಹತ್ತಿದೆ, ಬಿಚ್ಚಿ ಮತ್ತೆ ಹಾಕಿ. ಗ್ಯಾಸ್ಕೆಟ್ ತಾಗಿದ್ದು ಕೈಗೆ ಗೊತ್ತಾಗುತ್ತದೆ. ಆಗ ಡಬ್ಬಿಯ ಮೇಲೆ ಮಾರ್ಕರ್‌ನಿಂದ ಒಂದು ಗೆರೆ ಎಳೆದು, ಅಲ್ಲಿಂದ ಮುಕ್ಕಾಲು ಸುತ್ತು. ಒಣ ಕೈಯಲ್ಲಿ ಅಷ್ಟು ತಿರುಗುತ್ತದೆ. ತಿರುಗದಿದ್ದರೆ ಕಪ್ ಪಾನಾ ಹಾಕಿಕೊಳ್ಳಿ, ಆದರೆ ಗೆರೆ ಮುಕ್ಕಾಲು ಸುತ್ತಿಗೆ ಬಂದ ಕೂಡಲೇ ನಿಲ್ಲಿಸಿ. ಬೇರೆ ಕಂಪನಿಯ ಫಿಲ್ಟರ್ ಆದರೆ ಡಬ್ಬಿಯ ಮೇಲೆ ಅಚ್ಚಾದ ಸುತ್ತಿನ ಲೆಕ್ಕವನ್ನೇ ಪಾಲಿಸಿ. ದಿನಾಂಕ ಮತ್ತು ಕಿಲೋಮೀಟರನ್ನೂ ಅಲ್ಲೇ ಬರೆದುಬಿಡಿ.


ನವನಗರ_ಪಾನಾ:

ಡ್ರೇನ್ ಪ್ಲಗ್ಗಿಗೆ ಹೊಸಾ ವಾಷರ್ ಹಾಕಿ 35 ನ್ಯೂಟನ್ ಮೀಟರ್. ಆಯಿಲ್ ಮ್ಯಾನ್ಯುಯಲ್‌ನ್ಯಾಗ ಬರೆದ ಗ್ರೇಡಿಂದ ಹಾಕ್ರಿ. ಈ ಎಂಜಿನ್ನಿಗೆ ಫಿಲ್ಟರ್ ಸೇರಿ ಸುಮಾರು 3 ಲೀಟರ್ ಹಿಡೀತೈತಿ, ಮೊದಲ ಎರಡೂವರೆ ಹಾಕಿ, ಉಳಿದದ್ದು ಡಿಪ್‌ಸ್ಟಿಕ್ ನೋಡಿ ಹಾಕ್ರಿ. ಬ್ಯಾಟರಿ ವೈರ್ ಮತ್ತ ಪ್ರೆಶರ್ ಸ್ವಿಚ್ಚಿನ ಸಾಕೆಟ್ ತಿರುಗಿ ಹಾಕಿದ ಮ್ಯಾಲ ಚಾಲೂ ಮಾಡ್ರಿ. ಆಯಿಲ್ ದೀಪ ಕೆಲವು ಸೆಕೆಂಡಿನ್ಯಾಗ ಆರಬೇಕು. ಆರೂ ತನಕ ಆಕ್ಸಿಲರೇಟರ್ ಮುಟ್ಟಬ್ಯಾಡ್ರಿ, ಆರದಿದ್ರ ಕೂಡಲೇ ಬಂದ್ ಮಾಡ್ರಿ.


ಬೆಟಗೇರಿ_ಹಳೇಗಾಡಿ:

ಹಳೇ ಆಯಿಲ್ ಗಟಾರಕ್ಕ, ಹಿತ್ತಲಿಗೆ ಚೆಲ್ಲಬ್ಯಾಡ್ರಿ. ಕಟ್ಟಿಗಿಗೆ ಗೆದ್ದಲು ಹತ್ತಬಾರದಂತ ಬಳಿಯೋ ರೂಢಿ ನಮ್ಮ ಕಡೆ ಐತಿ, ಅದೂ ಬ್ಯಾಡ, ಮಳಿಗೆ ತೊಳದು ಮಣ್ಣಿಗೆ, ಬಾವಿಗೆ ಹೋಗ್ತೈತಿ. ಕಾಯ್ದೆ ಪ್ರಕಾರ ಸುಟ್ಟ ಆಯಿಲ್ ಅಪಾಯಕಾರಿ ತ್ಯಾಜ್ಯ. ಹೊಸಾ ಆಯಿಲ್ ಬಂದ ಕ್ಯಾನಿಗೇ ತುಂಬಿ, ಹಳೇ ಆಯಿಲ್ ಸಂಗ್ರಹ ಮಾಡೋ ವರ್ಕ್‌ಶಾಪಿಗೆ ಕೊಡ್ರಿ. ಹರಿದ ಡಬ್ಬಿ, ಕಾಗದ ಒಂದು ದಿನ ಬೋಗುಣಿ ಮ್ಯಾಲ ಬೋರಲು ಹಾಕಿ ಬಸಿಯಾಕ ಬಿಟ್ಟು ಅದರ ಜೊತಿಗೇ ಕೊಡ್ರಿ. ಆ ಆಯಿಲ್‌ದಾಗ ನೀರು, ಪೆಟ್ರೋಲ್, ಕೂಲಂಟ್ ಕೂಡಿಸಬ್ಯಾಡ್ರಿ, ಕೂಡಿದ್ರ ಯಾರೂ ತಗೊಳ್ಳಂಗಿಲ್ಲ.


ಕೇಶ್ವಾಪುರ_ಪೆಟ್ರೋಲ್:

ಬಟ್ಟೆ ತೆಗೆದಿದ್ದೇನೆ, ಮುಖ ನುಣುಪಾಗಿದೆ. ಫಿಲ್ಟರ್ ಹಾಕಿ ಚಾಲೂ ಮಾಡಿದೆ, ದೀಪ ತಕ್ಷಣ ಆರಿತು. ಹತ್ತು ನಿಮಿಷದ ನಂತರ ಡಬ್ಬಿಯ ಕೆಳತುದಿಯಲ್ಲಿ ಒಂದು ಹನಿ ನೇತಾಡುತ್ತಿದೆ. ಸೋರಿಕೆಯೋ, ಮೊದಲು ಚೆಲ್ಲಿದ್ದೋ? ಇನ್ನೂ ಸ್ವಲ್ಪ ಬಿಗಿಯಲೇ?


ತಾರಿಹಾಳ_ವರ್ಕ್‌ಶಾಪ್:

ಈಗಲೇ ಬಿಗಿಯಬೇಡಿ. ಡಬ್ಬಿ, ಬ್ಲಾಕ್, ಮೇಲಿನ ಮೂಲೆ ಎಲ್ಲ ಬ್ರೇಕ್ ಕ್ಲೀನರಿನಿಂದ ತೊಳೆದು ಒಣಗಿಸಿ. ಡಬ್ಬಿ ಹರಿದಾಗ ಚೆಲ್ಲಿದ ಆಯಿಲ್ ಬ್ಲಾಕಿನ ಸಂದುಗಳಲ್ಲಿ ನಿಂತು ಒಂದೆರಡು ದಿನ ಇಳಿಯುತ್ತಲೇ ಇರುತ್ತದೆ. ಒಣಗಿದ ಮೇಲೆ ಫಿಲ್ಟರ್ ಮತ್ತು ಬ್ಲಾಕ್ ಸೇರುವ ಗೆರೆಯ ಸುತ್ತ ಬಿಳಿ ಟಿಶ್ಯೂ ಕಾಗದ ಆಡಿಸಿ, ಐದು ನಿಮಿಷ ಎಂಜಿನ್ ಓಡಿಸಿ, ಬಂದ್ ಮಾಡಿ ಮತ್ತೆ ಆಡಿಸಿ. ಗೆರೆ ಒಣಗಿದ್ದು ತುದಿ ಮಾತ್ರ ಒದ್ದೆಯಾದರೆ ಅದು ಮೇಲಿನಿಂದ ಇಳಿದದ್ದು. ಗೆರೆಯಲ್ಲೇ ಒದ್ದೆ ಕಂಡರೆ ಕೈಯಿಂದ ಇನ್ನು ಎಂಟನೇ ಒಂದು ಸುತ್ತು, ಅಷ್ಟೇ. ಆಮೇಲೂ ಒದ್ದೆಯಾದರೆ ಬಿಗಿದು ನಿಲ್ಲಿಸಲು ಹೋಗಬೇಡಿ, ಬಿಚ್ಚಿ ಮುಖದ ಮೇಲೆ ಗೀರು ಅಥವಾ ಉಳಿದ ರಬ್ಬರ್ ಇದೆಯೇ ನೋಡಿ.

ಡಿಪ್‌ಸ್ಟಿಕ್ಕನ್ನು ಗಾಡಿ ಸಮತಟ್ಟಾದ ಕಡೆ ನಿಲ್ಲಿಸಿ, ಎಂಜಿನ್ ಬಂದ್ ಮಾಡಿ ಐದು ನಿಮಿಷ ಬಿಟ್ಟು ನೋಡಿ. ಹೊಸ ಫಿಲ್ಟರ್ ತುಂಬಿಕೊಂಡಿರುವುದರಿಂದ ಮಟ್ಟ ಸ್ವಲ್ಪ ಇಳಿದಿರುತ್ತದೆ, ಅಷ್ಟನ್ನು ತುಂಬಿಸಿ. ನೂರು ಕಿಲೋಮೀಟರ್ ಆದ ಮೇಲೆ ಟಿಶ್ಯೂ ಪರೀಕ್ಷೆ ಇನ್ನೊಮ್ಮೆ ಮಾಡಿ.